ಸಹಿ ಕೊನೆಗೆ

ನಮ್ಮ ಸೀಮೆಗೆ ಚೆಕ್ಕು ಬಂದದ್ದು ಶೇಂಗಾದ ಬೆನ್ನಿಗೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಸುಗ್ಗಿಯಲ್ಲಿ ಹಗಲೂ ರಾತ್ರಿ ಓಡುತ್ತಿದ್ದ ಕಾಲ ಅದು. ಊರಿಗೆ ಎಣ್ಣೆ ನಗರ ಎಂಬ ಹೆಸರು ಬಿದ್ದಿತ್ತು. ವ್ಯಾಪಾರದ ಬಿರುಸು ನೋಡಿದವರು ಎರಡನೇ ಬೊಂಬಾಯಿ ಅಂತಲೂ ಕರೆಯುತ್ತಿದ್ದರು. ಬ್ರಹ್ಮಗಿರಿಯ ಸುತ್ತಿನ ಸಿದ್ದಾಪುರ, ರಾಂಪುರದ ಕಡೆಯ ರೈತರು ಕಾಯಿ ಹೇರಿಕೊಂಡು ಹೋಗಿ, ಮಂಡಿಯಲ್ಲಿ ತೂಗಿಸಿ, ದಲಾಲಿ ಹಮಾಲಿ ಕಳೆದು ಉಳಿದದ್ದಕ್ಕೆ ಪಟ್ಟಿ ಬರೆಸಿಕೊಳ್ಳುತ್ತಿದ್ದರು. ಸಣ್ಣ ಮೊತ್ತಕ್ಕೆ ನೋಟು. ದೊಡ್ಡದಾದರೆ ಸಾಹುಕಾರರು ಗಲ್ಲಾಪೆಟ್ಟಿಗೆಯ ಪಕ್ಕದ ಡ್ರಾಯರ್ ಎಳೆದು ಚೆಕ್ ಪುಸ್ತಕ ತೆಗೆಯುತ್ತಿದ್ದರು.

ಮೊಳಕಾಲ್ಮೂರಿನ ನೇಕಾರರಿಗೆ ಅದು ಬಂದ ದಾರಿ ಬೇರೆ. ನಮ್ಮಪ್ಪ ಕುಣಿಮಗ್ಗದಲ್ಲಿ ಕೂತು ರೇಷ್ಮೆ ಸೀರೆ ನೆಯ್ದವರು. ಬೆಂಗಳೂರಿನ ಚಿಕ್ಕಪೇಟೆ ಕಡೆಯ ಅಂಗಡಿಗಳಿಗೆ ಮಾಲು ಹೋದರೆ ಹಣ ಬರುತ್ತಿದ್ದದ್ದು ಚೆಕ್ಕಿನಲ್ಲಿ, ಅದೂ ಮುಂದಿನ ತಾರೀಖು ಹಾಕಿದ ಚೆಕ್ಕಿನಲ್ಲಿ. ತಿಂಗಳು, ಎರಡು ತಿಂಗಳು ಆಚೆಯ ತಾರೀಖು. ಅಷ್ಟರವರೆಗೆ ಮನೆ ನಡೆಯಬೇಕು, ನೂಲು ಜರಿ ತರಬೇಕು. ತಾರೀಖು ಬಂದ ಮೇಲೂ ಅದು ಕಲೆಕ್ಷನ್‌ಗೆ ಅಂತ ಟಪಾಲಿನಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿ ಪಾಸಾಗಿ, ಮತ್ತೆ ಟಪಾಲಿನಲ್ಲಿ ಸುದ್ದಿ ಬರಬೇಕಿತ್ತು. ಆ ನಡುವಿನ ವಾರಗಳಲ್ಲಿ ಅಪ್ಪ ಬ್ಯಾಂಕಿನ ಬಾಗಿಲಿಗೆ ಹೋಗಿ ಬರುವುದನ್ನು ಹುಡುಗನಾಗಿದ್ದಾಗ ನೋಡಿದ್ದೆ. ಚೆಕ್ಕು ಕೊಟ್ಟವರು ದುಡ್ಡು ಕೊಟ್ಟಂತೆ ಅಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೂ ಚೆಕ್ಕೆಂದರೆ ಭಯಭಕ್ತಿ. ದೇವರ ಗೂಡಿನಲ್ಲಿ, ಕುಂಕುಮದ ಭರಣಿ ಪಕ್ಕದಲ್ಲಿ ಇಡುತ್ತಿದ್ದರು.

ಎಂಬತ್ತರ ದಶಕದ ನಡುವಿನಲ್ಲಿ ನನಗೂ ಬ್ಯಾಂಕಿನಲ್ಲೇ ಗುಮಾಸ್ತಿಕೆ ಸಿಕ್ಕಿತು. ಆಗಿನ ಶಾಖೆ ಎಂದರೆ ದಪ್ಪ ಲೆಡ್ಜರ್‌ಗಳು, ಸಹಿಯ ಮಾದರಿ ಕಾರ್ಡುಗಳ ಮರದ ಡಬ್ಬ, ಹಿತ್ತಾಳೆ ಟೋಕನ್ನು. ಚೆಕ್ಕು ಕೌಂಟರಿನ ಮೇಲೆ ಬಂದರೆ ಮೊದಲು ತಾರೀಖು, ಆಮೇಲೆ ಅಂಕಿ, ಆಮೇಲೆ ಅಕ್ಷರ, ಆಮೇಲೆ ಸಹಿ. ಕಾರ್ಡು ತೆಗೆದು ಸಹಿಯ ಪಕ್ಕದಲ್ಲಿಟ್ಟು ನೋಡುವುದು. ಕೆಲಸ ಕಲಿಸಿದ ಹಿರಿಯರು ಹೇಳಿದ್ದು ಇಷ್ಟು: ಚೆಕ್ಕು ಬರೆದವನ ಮುಖ ನೋಡಬೇಡ, ಕೈ ನೋಡು.

ಗಡಿನಾಡಿನ ಕೈ ನೋಡುವುದು ಸುಲಭವಲ್ಲ. ಗಡಿಯಾಚೆಯ ರಾಯದುರ್ಗ ಪಕ್ಕದಲ್ಲೇ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆ ಅರ್ಧ ಅಲ್ಲಿ ಅರ್ಧ ಇಲ್ಲಿ. ಖಾತೆ ತೆರೆದ ದಿನ ಕನ್ನಡದಲ್ಲಿ ಸಹಿ ಹಾಕಿದವರು ಆರು ತಿಂಗಳ ಮೇಲೆ ತೆಲುಗಿನಲ್ಲಿ ಹಾಕಿ ಚೆಕ್ಕು ಕಳಿಸುತ್ತಿದ್ದರು. ಅದು ‘ಸಹಿ ಹೊಂದುತ್ತಿಲ್ಲ’ ಎಂಬ ಚೀಟಿ ಹಚ್ಚಿಕೊಂಡು ವಾಪಸ್ಸಾದರೆ ಅವರಿಗೆ ಅವಮಾನ: “ನಾನೇ ಹಾಕಿದ್ದು ಸಾರ್, ನನ್ನ ಕೈಯಲ್ಲವಾ ಇದು?” ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಅಕ್ಷರ ಕಲಿತವರ ಸಹಿ ಇನ್ನೊಂದು ಬಗೆ. ಅವರು ಸಹಿಯನ್ನು ಬರೆಯುತ್ತಿರಲಿಲ್ಲ, ರಂಗೋಲಿ ಎಳೆದಂತೆ ಎಳೆಯುತ್ತಿದ್ದರು. ಒಂದು ಸಲ ಹಾಕಿದ ಹಾಗೆ ಇನ್ನೊಂದು ಸಲ ಬರುತ್ತಿರಲಿಲ್ಲ. ಅಂಥವರಿಗೆ ನಾನು ಕೇಳಿಕೊಳ್ಳುತ್ತಿದ್ದದ್ದು, ಸಹಿ ಚಿಕ್ಕದಿರಲಿ, ಪೂರ್ತಿ ಹೆಸರಿರಲಿ, ಯಾವತ್ತೂ ಒಂದೇ ಭಾಷೆಯಲ್ಲಿರಲಿ, ಬದಲಾದರೆ ಬಂದು ಕಾರ್ಡು ಬದಲಾಯಿಸಿ ಅಂತ.

“ಕನ್ನಡದಲ್ಲಿ ಬರೆದರೆ ಚೆಕ್ಕು ನಡೀತದಾ?” ಈ ಪ್ರಶ್ನೆಯನ್ನು ಜನ ದನಿ ತಗ್ಗಿಸಿ ಕೇಳುತ್ತಿದ್ದರು, ಕೇಳಬಾರದ್ದನ್ನು ಕೇಳಿದಂತೆ. ಹಾಳೆಯ ಮೇಲೆ ಅಚ್ಚಾಗಿದ್ದದ್ದು ಹಿಂದಿ, ಇಂಗ್ಲಿಷು. ಆದರೆ ಗ್ರಾಹಕರು ಹಿಂದಿ, ಇಂಗ್ಲಿಷ್ ಅಥವಾ ತಮ್ಮ ಪ್ರಾದೇಶಿಕ ಭಾಷೆಯಲ್ಲಿ ಚೆಕ್ಕು ಬರೆಯಬಹುದು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಗೊತ್ತಿಲ್ಲದ ಭಾಷೆಯಲ್ಲಿ ಇನ್ನೊಬ್ಬರ ಕೈಯಲ್ಲಿ ಬರೆಸುವುದಕ್ಕಿಂತ ಗೊತ್ತಿರುವ ಭಾಷೆಯಲ್ಲಿ ತಾವೇ ಬರೆಯುವುದು ಎಷ್ಟೋ ಕ್ಷೇಮ. ಆ ಕಾರಣಕ್ಕೆ ನಾನು ಕೌಂಟರಿನಲ್ಲಿ ಒಂದು ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಮಾದರಿ ಚೆಕ್ಕು ಬರೆದು ಅಂಟಿಸಿಟ್ಟಿದ್ದೆ.

ಆ ಮಾದರಿಯಲ್ಲಿ ಮೊತ್ತ ಎಂಟು ಸಾವಿರ. ಬೇಕೆಂದೇ ಆ ಮೊತ್ತ. ಮೊತ್ತದ ಗೆರೆಯ ಎಡಕ್ಕೆ ಎರಡು ಬೆರಳು ಜಾಗ ಬಿಟ್ಟು ‘ಎಂಟು ಸಾವಿರ’ ಎಂದು ಬರೆದಿರಿ ಅನ್ನಿ. ಅದರ ಎಡಕ್ಕೆ ‘ಒಂದು ಲಕ್ಷದ’ ಎಂದು ಸೇರಿಸಲು ಎಷ್ಟು ಹೊತ್ತು? ಚೌಕದಲ್ಲಿ 8,000 ಇದ್ದ ಕಡೆ ಅದರ ಎಡಕ್ಕೆ ‘1,0’ ಬಂದು ಕೂತರೆ 1,08,000. ಒಂದು ಅಕ್ಷರವನ್ನೂ ತಿದ್ದಿಲ್ಲ, ಒಂದು ಅಂಕಿಯನ್ನೂ ಹೊಡೆದು ಹಾಕಿಲ್ಲ. ನೋಡಿದ ಗುಮಾಸ್ತನಿಗೆ ಅನುಮಾನಕ್ಕೆ ಎಡೆಯೇ ಇಲ್ಲ. ಹಾಗಾಗಿ ಗೆರೆಯ ಎಡ ಅಂಚಿಗೆ ಅಂಟಿಕೊಂಡಂತೆ ಶುರು ಮಾಡಬೇಕು, ಪದಗಳ ನಡುವೆ ಜಾಗ ಇರಬಾರದು, ‘ರೂಪಾಯಿ ಮಾತ್ರ’ ಎಂದು ಮುಗಿಸಿ ಉಳಿದ ಗೆರೆಯ ಮೇಲೆ ಅಡ್ಡ ಎಳೆಯಬೇಕು. ಹಣ ಪಡೆಯುವವರ ಹೆಸರಿನ ಮುಂದೆಯೂ ಅಷ್ಟೇ. ಕನ್ನಡ ಅಂಕಿ ಬರೆಯುವವರಿಗೆ ಇನ್ನೂ ಒಂದು ಮಾತು ಹೇಳುತ್ತಿದ್ದೆ: ೧ ಬರೆಯುವಾಗ ಬಾಯಿ ತೆರೆದೇ ಇರಲಿ, ಅವಸರದಲ್ಲಿ ಮುಚ್ಚಿಕೊಂಡರೆ ೦ ಆಗುತ್ತದೆ. ಅಂಕಿ ಒಂದು, ಅಕ್ಷರ ಇನ್ನೊಂದು ಹೇಳಿದರೆ ಅಕ್ಷರದ ಮಾತೇ ಊರ್ಜಿತ. 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆಯ ಹದಿನೆಂಟನೇ ಕಲಂ ಹಾಗೆ ಹೇಳುತ್ತದೆ. ಬ್ಯಾಂಕಿನವರು ಸಾಮಾನ್ಯವಾಗಿ ಅಂಥ ಚೆಕ್ಕನ್ನು ವಾಪಸ್ಸೇ ಕಳಿಸುತ್ತಾರೆ, ಅದು ಬೇರೆ.

ಬೇರರ್ ಚೆಕ್ಕಿನ ವಿಷಯದಲ್ಲಿ ನಮ್ಮವರು ಕಳೆದುಕೊಂಡದ್ದು ಸ್ವಲ್ಪವಲ್ಲ. ಬೆಟ್ಟದ ಬುಡದ ಹಳ್ಳಿಯ ಒಬ್ಬ ಹಿರಿಯರು ನೆನಪಾಗುತ್ತಾರೆ. ಮಂಡಿಯಲ್ಲಿ ಕೊಟ್ಟ ಚೆಕ್ಕನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಸಂಚಿಯಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದ್ದರು. ಇಳಿದಾಗ ಸಂಚಿ ಇಲ್ಲ. ಮರುದಿನ ನಮ್ಮಲ್ಲಿಗೆ ಬಂದರು, ಅಲ್ಲಿಂದ ಚೆಕ್ಕು ಯಾವ ಶಾಖೆಯದೋ ಅಲ್ಲಿಗೆ ಓಡಿದರು. ಅಷ್ಟರಲ್ಲಿ ಯಾರೋ ಹಿಂಬದಿಗೆ ಗೀಚಿ ಹಣ ಎಣಿಸಿಕೊಂಡು ಹೋಗಿಯಾಗಿತ್ತು. ಹೆಸರಿನ ಮುಂದೆ ಅಚ್ಚಾಗಿದ್ದ ‘ಬೇರರ್’ ಎಂಬುದನ್ನು ಹೊಡೆದು ಹಾಕಿರಲಿಲ್ಲ. ಅಂದರೆ ತಂದವರಿಗೆ ಕೊಡಿ ಎಂದು ಆಯಿತು, ತಂದವರಿಗೆ ಕೊಟ್ಟರು. ಒಂದು ವರ್ಷದ ಶೇಂಗಾ. ಅವರು ನನ್ನ ಕೌಂಟರಿನ ಮುಂದೆ ಕೂತು, “ನನ್ನ ಹೆಸ್ರು ಅದ್ರಾಗೆ ಬರ್ದಿತ್ತಲ್ಲಪ್ಪ, ಆವಯ್ಯಂಗೆ ಹೆಂಗ್ ಕೊಟ್ರು?” ಎಂದು ಕೇಳುತ್ತಲೇ ಇದ್ದರು. ಕಾನೂನು ಗೊತ್ತಿದ್ದ ನನ್ನಲ್ಲಿ ಅವರಿಗೆ ಕೊಡುವಂಥ ಉತ್ತರವಿರಲಿಲ್ಲ.

ಎಡ ಮೂಲೆಯಲ್ಲಿ ಎರಡು ಓರೆ ಗೆರೆ, ನಡುವೆ ‘ಅಕೌಂಟ್ ಪೇಯಿ’ ಎಂದು ಬರೆದಿದ್ದರೆ ಆ ಹಣ ಕೌಂಟರಿನಲ್ಲಿ ಯಾರ ಕೈಗೂ ಹೋಗುತ್ತಿರಲಿಲ್ಲ. ಹೆಸರಿನವರ ಖಾತೆಗೇ ಬೀಳಬೇಕಿತ್ತು. ಎರಡು ಗೆರೆ ಎಳೆಯಲು ಕಾಸು ಖರ್ಚಿಲ್ಲ. ಆಮೇಲೆ ಸುಗ್ಗಿ ಬಂದಾಗಲೆಲ್ಲ ಊರಿನವರಿಗೆ ಹೇಳುತ್ತಿದ್ದೆ: ಸಾಹುಕಾರರ ಹತ್ತಿರವೇ ನಿಂತು ಗೆರೆ ಎಳೆಸಿಕೊಂಡು ಬನ್ನಿ, ಅವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಖಾತೆ ಇಲ್ಲದವರಿಗೆ ಖಾತೆ ಮಾಡಿಸುವುದಕ್ಕೂ ಅದೇ ನೆಪವಾಯಿತು.

ಇವೆಲ್ಲ ಕಳ್ಳರಿಂದ ಕಾಪಾಡಿಕೊಳ್ಳುವ ಮಾತು. ನಮ್ಮ ಕಡೆ ಮನೆಗಳನ್ನು ಮುರಿದದ್ದು ಕಳ್ಳರಲ್ಲ, ಗುರುತಿದ್ದವರು. ಸಹಿ ಹಾಕಿದ ಖಾಲಿ ಚೆಕ್ಕು ಪಡೆದವರು.

1989ರ ಏಪ್ರಿಲ್ 1ಕ್ಕೆ ಮುಂಚೆ ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ವಾಪಸ್ಸಾದರೆ ಅದು ಬಹುಮಟ್ಟಿಗೆ ಸಿವಿಲ್ ವ್ಯಾಜ್ಯ. ಆವತ್ತಿನಿಂದ ಅದೇ 1881ರ ಕಾಯ್ದೆಯ 138ನೇ ಕಲಂ ಜಾರಿಗೆ ಬಂದು ಅದು ಅಪರಾಧವಾಯಿತು. ಮೊದಲು ಒಂದು ವರ್ಷದವರೆಗೆ ಇದ್ದ ಜೈಲು ಶಿಕ್ಷೆ ಆಮೇಲೆ ಎರಡು ವರ್ಷದವರೆಗೆ ಏರಿತು. ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ ಹಾಕಬಹುದು. ಕಾನೂನು ತಂದವರ ಉದ್ದೇಶ ಒಳ್ಳೆಯದೇ, ಚೆಕ್ಕಿಗೆ ನಂಬಿಕೆ ಬರಲಿ ಅಂತ. ಚಿಕ್ಕಪೇಟೆಯಿಂದ ಬಂದು ವಾಪಸ್ಸಾದ ಚೆಕ್ಕು ಹಿಡಿದುಕೊಂಡು ಅಲೆದ ನೇಕಾರರಿಗೂ ಅದು ಆಸರೆಯಾಯಿತು, ಅದನ್ನು ನಾನು ಮರೆತಿಲ್ಲ. ಆದರೆ ಈ ಕಾನೂನು ಹಳ್ಳಿಯವರಿಗೆ ತಿಳಿಯುವ ಎಷ್ಟೋ ವರ್ಷ ಮೊದಲು ಬಡ್ಡಿಗೆ ಕೊಡುವವರಿಗೆ ತಿಳಿಯಿತು. ಹಿಂದೆ ಕೈಸಾಲಕ್ಕೆ ಪ್ರೋನೋಟು ಬರೆಸಿಕೊಳ್ಳುತ್ತಿದ್ದವರು ಈಗ “ಪತ್ರ ಗಿತ್ರ ಬ್ಯಾಡ, ಎರಡು ಚೆಕ್ಕು ಕೊಡು, ಬರೀ ಸಹಿ ಹಾಕು ಸಾಕು” ಅನ್ನತೊಡಗಿದರು. ಕೇಳುವವರಿಗೆ ಅದು ಉಪಕಾರದಂತೆ ಕೇಳಿಸುತ್ತಿತ್ತು. ಛಾಪಾ ಕಾಗದದ ಖರ್ಚಿಲ್ಲ, ಸಾಕ್ಷಿಯವರ ಕಾಲು ಹಿಡಿಯುವುದಿಲ್ಲ.

ನನ್ನ ದೊಡ್ಡಪ್ಪನ ಮಗ ಹೀಗೆ ಕೊಟ್ಟವನು. ಕೈಕೆಲಸದಲ್ಲಿ ನಮ್ಮ ಮನೆತನದಲ್ಲೇ ಅವನನ್ನು ಮೀರಿಸುವವರಿರಲಿಲ್ಲ. ಅಂಚು ಸೆರಗು ಕೂಡಿಸುವಾಗ ಅವನ ಬೆರಳು ನೋಡಲು ಬೇರೆ ಊರಿನವರು ಬಂದು ಕೂರುತ್ತಿದ್ದರು. ರೇಷ್ಮೆ ನೂಲಿನ ಬೆಲೆ ಏರಿದ ಒಂದು ವರ್ಷ ಸಾಲ ಮಾಡಿದ. ಕೊಟ್ಟವರು ಎರಡು ಖಾಲಿ ಹಾಳೆಗೆ ಸಹಿ ಪಡೆದರು. ಬಡ್ಡಿ, ಅಸಲು ಎಲ್ಲ ತೀರಿಸಿದ. ಹಾಳೆ ಕೇಳಿದಾಗ, “ಎಲ್ಲೋ ಬೀರುವಿನಾಗೈತೆ, ಹುಡುಕಿ ಕೊಡ್ತೀನಿ ಬಿಡಪ್ಪ, ನಮ್ಮ ನಿಮ್ಮೊಳಗೆ ಅದೇನು” ಎಂಬ ಉತ್ತರ. ಇವನು ಬಿಟ್ಟ. ವರ್ಷಗಳು ಕಳೆದ ಮೇಲೆ ಬೇರೆ ಯಾವುದೋ ಜಗಳಕ್ಕೆ ಆ ಹಾಳೆ ಹೊರಗೆ ಬಂತು. ಹಳೇ ಸಾಲದ ಹತ್ತಾರು ಪಟ್ಟು ಮೊತ್ತ, ಹೊಸ ತಾರೀಖು, ಮೂರನೆಯವರ ಅಕ್ಷರ, ಕೆಳಗೆ ಇವನ ಸಹಿ. ಖಾತೆಯಲ್ಲಿ ಅಷ್ಟು ಹಣ ಯಾವತ್ತೂ ಇದ್ದದ್ದೇ ಇಲ್ಲ. ವಾಪಸ್ಸಾಯಿತು.

ಆಮೇಲೆ ಬಂದದ್ದು ವಕೀಲರ ನೋಟಿಸು, ರಿಜಿಸ್ಟರ್ ಪೋಸ್ಟಿನಲ್ಲಿ. ಇವನು ತೆಗೆದುಕೊಳ್ಳಲಿಲ್ಲ. ಸಹಿ ಹಾಕಿ ಪಡೆದರೆ ಸಿಕ್ಕಿಹಾಕಿಕೊಳ್ಳುತ್ತೇವೆ, ಪಡೆಯದಿದ್ದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬೇರೂರಿದೆ. ಪೋಸ್ಟ್‌ಮ್ಯಾನ್ ‘ನಿರಾಕರಿಸಿದ್ದಾರೆ’ ಎಂದು ಷರಾ ಬರೆದು ಕಳಿಸಿದರೆ ಕೋರ್ಟು ಅದನ್ನು ತಲುಪಿದಂತೆಯೇ ಎಣಿಸುತ್ತದೆ. ನೋಟಿಸು ತಲುಪಿದ ಮೇಲೆ ಹಣ ಕಟ್ಟಲು ಹದಿನೈದು ದಿನ. ಅದು ಮುಗಿದ ಮೇಲೆ ದೂರು ಹಾಕಲು ಅವರಿಗೆ ಒಂದು ತಿಂಗಳು. ಆ ಹದಿನೈದು ದಿನ ಉತ್ತರ ಬರೆಯಲು ಇದ್ದ ಒಳ್ಳೆಯ ಅವಕಾಶ. ಇದು ತೀರಿದ ಸಾಲ, ಇಂಥ ದಿನ ಇಷ್ಟು ಕಟ್ಟಿದ್ದೇನೆ, ಹಾಳೆ ವಾಪಸ್ಸು ಕೊಟ್ಟಿಲ್ಲ ಎಂದು ವಕೀಲರಿಂದ ಒಂದು ಉತ್ತರ ಹೋಗಿದ್ದರೆ ಮುಂದಿನ ದಾರಿ ಬೇರೆಯಾಗುತ್ತಿತ್ತು. ಅವನು ನನ್ನ ಬಳಿ ಬಂದದ್ದು ಸಮನ್ಸು ಬಂದ ಮೇಲೆ.

“ಅಣ್ಣ, ಬರವಣಿಗೆ ನಂದಲ್ಲ. ಸಹಿ ಮಾತ್ರ ನಂದು. ಯಾರ್ ನೋಡಿದ್ರೂ ಗೊತ್ತಾಗ್ತದೆ, ಇಂಕೇ ಬ್ಯಾರೆ. ಕೋರ್ಟ್ನಾಗೆ ಇದ್ನ ಹೇಳಿದ್ರೆ ಆಯ್ತಲ್ಲ?”

ಆಗಲಿಲ್ಲ. ಇದನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಸಹಿ ನನ್ನದೆಂದು ಒಪ್ಪಿಕೊಂಡ ಮೇಲೆ, ಆ ಚೆಕ್ಕು ಸಾಲ ತೀರಿಸಲೆಂದೇ ಕೊಟ್ಟದ್ದು ಎಂದು ಕಾನೂನು ಮೊದಲಿಗೆ ಊಹಿಸಿಕೊಳ್ಳುತ್ತದೆ. ಅಲ್ಲ ಎಂದು ತೋರಿಸುವ ಹೊರೆ ಸಹಿ ಹಾಕಿದವರ ಮೇಲೆ. 2010ರಲ್ಲಿ ನಮ್ಮ ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಸ್ಪಷ್ಟ ಮಾಡಿತು. ಅಲ್ಲಿ ಚೆಕ್ಕಿನ ಮೊತ್ತ 45,000 ರೂಪಾಯಿ. ಸಹಿ ಹಾಕಿದ ಖಾಲಿ ಚೆಕ್ಕು ಕಳೆದುಹೋಗಿತ್ತು ಎಂಬುದು ಆರೋಪಿಯ ವಾದ. ನಿಲ್ಲಲಿಲ್ಲ. 2019ರ ಇನ್ನೊಂದು ತೀರ್ಪು, ಖಾಲಿ ಹಾಳೆಗೆ ತಾನಾಗಿ ಸಹಿ ಹಾಕಿ ಕೊಟ್ಟ ಮೇಲೆ ಅದನ್ನು ಬೇರೆಯವರು ತುಂಬಿದರೂ ಚೆಕ್ಕಿಗೆ ಕುಂದಿಲ್ಲ, ಆ ಊಹೆ ಹಾಗೇ ನಿಲ್ಲುತ್ತದೆ ಎಂದಿತು. ಬ್ಯಾಂಕಿಗೆ ಹೇಳಿ ಪೇಮೆಂಟ್ ನಿಲ್ಲಿಸಿದರೆ ಬಚಾವು ಎಂದುಕೊಳ್ಳುವವರಿಗೂ ಅದೇ ಉತ್ತರ. ಹಾಗೆ ನಿಲ್ಲಿಸಿದ ಚೆಕ್ಕಿಗೂ 138ನೇ ಕಲಂ ಅನ್ವಯಿಸುತ್ತದೆ. ಖಾತೆ ಮುಚ್ಚಿದರೂ ಅನ್ವಯಿಸುತ್ತದೆ.

ಅವನ ಕೈಯಲ್ಲಿ ಸಾಲ ತೀರಿಸಿದ್ದಕ್ಕೆ ಒಂದು ಚೂರು ಕಾಗದವೂ ಇರಲಿಲ್ಲ. ವಕೀಲರ ಜೊತೆ ಕೂತು ಅವನ ಪಾಸ್‌ಬುಕ್ಕುಗಳನ್ನೆಲ್ಲ ತೆಗೆಸಿ ನೋಡಿದೆವು. ಆ ಚೆಕ್ಕಿನ ಹಿಂದೆ ಮುಂದೆ ಇದ್ದ ನಂಬರಿನ ಹಾಳೆಗಳು ಯಾವಾಗ ಪಾಸಾಗಿವೆ ಎಂದು ಪಟ್ಟಿ ಮಾಡಿದೆವು. ಎಲ್ಲವೂ ಚೆಕ್ಕಿನ ಮೇಲಿದ್ದ ತಾರೀಖಿಗಿಂತ ಎಷ್ಟೋ ವರ್ಷ ಹಿಂದಿನವು. ಅಂದರೆ ಈ ಹಾಳೆ ಆ ಕಾಲದ್ದು, ಈಗ ಕೊಟ್ಟದ್ದಲ್ಲ. ಚೆಕ್ಕಿನ ಕೆಳಗಿನ ಆರು ಅಂಕಿಯ ನಂಬರು ಎಷ್ಟು ಮಾತಾಡುತ್ತದೆ ಎಂದು ಅವನಿಗೆ ಆವತ್ತೇ ತಿಳಿದದ್ದು. ಕೋರ್ಟಿನಲ್ಲಿ ಇದನ್ನು ಮುಂದಿಟ್ಟ ಮೇಲೆ ಎದುರಿನವರು ರಾಜಿಗೆ ಬಂದರು. ರಾಜಿ ಅಂದರೆ ಪೂರ್ತಿ ಬಿಡುಗಡೆಯಲ್ಲ. ಕೊಡಬೇಕಿಲ್ಲದ ಹಣ ಸ್ವಲ್ಪ ಕೊಟ್ಟೇ ಹೊರಗೆ ಬಂದ. ಅಷ್ಟರಲ್ಲಿ ವಾಯಿದೆಯಿಂದ ವಾಯಿದೆಗೆ ಮೊಳಕಾಲ್ಮೂರಿನ ಕೋರ್ಟಿಗೆ ಅಲೆದು ಅವನ ಮಗ್ಗ ನಿಂತು ಧೂಳು ಹಿಡಿದಿತ್ತು.

ಒಂದು ವಾಯಿದೆ ಮುಗಿಸಿ ಬರುವಾಗ ಅವನಿಗೆ ಹೇಳಿದೆ: ಅರ್ಧ ನೆಯ್ದ ಸೀರೆಯನ್ನು ಕತ್ತರಿಸಿ ಯಾರ ಕೈಗಾದರೂ ಕೊಡುತ್ತೀಯೇನಪ್ಪ, ಉಳಿದದ್ದನ್ನು ನೀವೇ ನೆಯ್ದುಕೊಳ್ಳಿ ಅಂತ? ಸೆರಗು ಮುಗಿದ ಮೇಲೇ ಅಲ್ಲವೇ ಕತ್ತರಿ ಹಾಕುವುದು? ಸಹಿಯೂ ಆ ಕತ್ತರಿ. ಹೆಸರು, ಮೊತ್ತ, ತಾರೀಖು, ಗೆರೆ ಎಲ್ಲ ಆದ ಮೇಲೆ, ಕೊನೆಗೆ. ಅವನು ಏನೂ ಅನ್ನಲಿಲ್ಲ, ಆದರೆ ಈ ಮಾತನ್ನು ಆಮೇಲೆ ಬೇರೆ ನೇಕಾರರಿಗೆ ಅವನೇ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.

ಆ ಕಾಲದಲ್ಲೇ ಒಮ್ಮೆ, ಊರಿಗೆ ಬಂದ ನೆಂಟರ ಮಕ್ಕಳನ್ನು ಕರೆದುಕೊಂಡು ಬ್ರಹ್ಮಗಿರಿಯ ಅಶೋಕನ ಶಾಸನ ತೋರಿಸಲು ಹೋಗಿದ್ದೆ. ಬಿ.ಎಲ್. ರೈಸ್ 1892ರಲ್ಲಿ ಹೊರಜಗತ್ತಿಗೆ ತಿಳಿಸಿದ ಬಂಡೆ. ನಮ್ಮ ಜನರಿಗೆ ಅದು ಬಹಳ ಹಿಂದಿನಿಂದ ಅಕ್ಷರಗುಂಡು. ಎಷ್ಟೋ ಸಲ ನೋಡಿದ್ದರೂ ಈ ಸಲ ಅದನ್ನು ಬ್ಯಾಂಕಿನವನ ಕಣ್ಣಲ್ಲಿ ನೋಡಿದೆ. ಮೊದಲಿಗೇ ಈ ಆಜ್ಞೆ ಎಲ್ಲಿಂದ, ಯಾರ ಮಾತಿನಿಂದ ಹೊರಟಿತು ಎಂದು ಬರೆದಿದೆ: ಸುವರ್ಣಗಿರಿಯಿಂದ, ಆರ್ಯಪುತ್ರ ಮತ್ತು ಮಹಾಮಾತ್ರರ ಮಾತಿನಿಂದ. ಯಾರಿಗೆ? ಇಸಿಲದ ಮಹಾಮಾತ್ರರಿಗೆ. ಆಮೇಲೆ ವಿಷಯ. ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಬರೆದವನ ಹೆಸರು: ಚಪಡ. ಉಳಿದದ್ದೆಲ್ಲ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರ ಎಂಬುದನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ನಮ್ಮ ಊರಿನ ಬಂಡೆಯ ಮೇಲೆ ಒಬ್ಬ ಬರಹಗಾರ ತನ್ನ ಕೈಯ ಗುರುತನ್ನು ಹಾಕಿದ್ದು ಎಲ್ಲವನ್ನೂ ಬರೆದಾದ ಮೇಲೆ. ಆ ಮಕ್ಕಳಿಗೆ ಅಶೋಕನ ಕತೆ ಹೇಳಿ, ಇದನ್ನೂ ಹೇಳಿದೆ.

ಸಹಿಯನ್ನು ಮೊದಲೇ ಹಾಕಿಡುವ ಅಭ್ಯಾಸ ಸಾಲಗಾರರದ್ದು ಮಾತ್ರವಲ್ಲ. ಸೊಸೈಟಿಗಳಲ್ಲಿ, ಸಂಘಗಳಲ್ಲಿ, ಜಂಟಿ ಸಹಿಯ ಖಾತೆಗಳಲ್ಲಿ ಅದು ಇನ್ನೂ ಹೆಚ್ಚು. ಅಧ್ಯಕ್ಷರು ಹೊಲಕ್ಕೆ ಹೋಗಬೇಕು, ಮದುವೆಗೆ ಹೋಗಬೇಕು. ಕಾರ್ಯದರ್ಶಿ ಪುಸ್ತಕ ತಂದರೆ ಅಷ್ಟೂ ಹಾಳೆಗೆ ಒಂದೇ ಉಸಿರಿಗೆ ಸಹಿ ಹಾಕಿ ಕೊಡುತ್ತಾರೆ. ಇಬ್ಬರ ಸಹಿ ಬೇಕೆಂಬ ನಿಯಮ ಇರುವುದೇ ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಲಿ ಎಂದು. ಖಾಲಿ ಹಾಳೆಯಲ್ಲಿ ನೋಡುವುದಕ್ಕೆ ಏನಿದೆ?

ಈ ವಿಷಯದಲ್ಲಿ ನನಗೆ ಬಹಳ ಸಂತೋಷ ಕೊಟ್ಟವರು ಸ್ತ್ರೀಶಕ್ತಿ ಸಂಘದ ಹೆಂಗಸರು. 2000ದ ಇಸವಿಯ ನಂತರ ಹಳ್ಳಿ ಹಳ್ಳಿಯಲ್ಲಿ ಸಂಘಗಳು ಹುಟ್ಟಿದವು, ಬ್ಯಾಂಕಿಗೆ ಖಾತೆಗೆಂದು ಬಂದವು. ಪ್ರತಿನಿಧಿಗಳಿಬ್ಬರ ಸಹಿ. ಒಂದು ಸಂಘದಲ್ಲಿ ಪುಸ್ತಕ ಬರೆಯುತ್ತಿದ್ದ ಹುಡುಗ ಒಬ್ಬಾಕೆಯ ಮುಂದೆ ಹಾಳೆ ಚಾಚಿ, “ಅವ್ವ, ಇಲ್ಲಿ ಸಹಿ ಮಾಡು, ಆಮೇಲೆ ತುಂಬ್ಕೊಂತೀನಿ” ಅಂದ. ಆಕೆ ಸಹಿ ಕಲಿತು ಬಹಳ ದಿನ ಆಗಿರಲಿಲ್ಲ. ಪೆನ್ನು ಕೆಳಗಿಟ್ಟು, “ಬರಿಯಪ್ಪ, ಬರ್ದು ಓದು. ಎಷ್ಟು, ಯಾರಿಗೆ ಅಂತ ಎಲ್ರಿಗೂ ಕೇಳೋ ಹಂಗೆ ಓದು. ಆಮೇಲೆ ಹಾಕ್ತೀನಿ” ಅಂದಳು. ಅವನು ಬರೆದ. ಬ್ಯಾಂಕಿನ ವೆರಾಂಡದಲ್ಲಿ ಕೂತಿದ್ದ ಹೆಂಗಸರೆಲ್ಲ ಕೇಳುವಂತೆ ಓದಿದ. ಇನ್ನೊಬ್ಬಾಕೆ ಅದನ್ನು ತೆಗೆದುಕೊಂಡು ತಾನೂ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಆಮೇಲೆ ಇಬ್ಬರೂ ಸಹಿ ಹಾಕಿದರು. ನಮ್ಮ ಬ್ಯಾಂಕಿನ ತರಬೇತಿಯಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿಕೊಟ್ಟದ್ದಿಲ್ಲ. ಮುಂದೆ ಖಾತೆ ತೆರೆಯಲು ಬಂದ ಪ್ರತಿ ಸಂಘಕ್ಕೂ ಆ ಹಳ್ಳಿಯವರ ಪದ್ಧತಿಯನ್ನೇ ಹೇಳುತ್ತಾ ಬಂದೆ.

ಹಳೆಯ ಚೆಕ್ ಪುಸ್ತಕಗಳದ್ದು ಇನ್ನೊಂದು ತಲೆನೋವು. ನಮ್ಮ ಜಿಲ್ಲೆಯ ಗ್ರಾಮೀಣ ಬ್ಯಾಂಕನ್ನೇ ನೋಡಿ. ಚಿತ್ರದುರ್ಗ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಾಯಿತು, 2013ರಲ್ಲಿ ಪ್ರಗತಿ ಕೃಷ್ಣ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕು. 2025ರ ಮೇ 1ರಂದು ಧಾರವಾಡದ ಕಡೆಯ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿ ರಾಜ್ಯಕ್ಕೆಲ್ಲ ಒಂದೇ ಆಯಿತು. ಹೆಸರು ಬದಲಾದಾಗ, ಕೋಡು ಬದಲಾದಾಗ, ಹಾಳೆಯ ಬದಲು ಅದರ ಚಿತ್ರ ಕಳಿಸುವ ಸಿಟಿಎಸ್ ಪದ್ಧತಿಯ ಹಾಳೆಗಳು ಬಂದಾಗ ಹೊಸ ಪುಸ್ತಕ ಕೊಡುತ್ತಾರೆ. ಹಳೆಯದು ಟ್ರಂಕಿನ ತಳದಲ್ಲಿ ಉಳಿಯುತ್ತದೆ, ಅದರಲ್ಲಿ ಯಾವಾಗಲೋ ಸಹಿ ಹಾಕಿಟ್ಟ ಒಂದೆರಡು ಹಾಳೆಯೂ ಇರುತ್ತದೆ. ಅದನ್ನು ಬ್ಯಾಂಕಿಗೆ ಒಪ್ಪಿಸಿ, ಇಲ್ಲವೇ ಸಹಿ ಮತ್ತು ನಂಬರಿನ ಪಟ್ಟಿ ಹರಿದು ಚೂರು ಮಾಡಿ, ಯಾವ ನಂಬರು ನಾಶ ಮಾಡಿದೆವು ಎಂದು ಒಂದು ಕಡೆ ಬರೆದಿಡಬೇಕು. ಕೊಟ್ಟ ಚೆಕ್ಕುಗಳಿಗೂ ಹಾಗೆಯೇ: ಪುಸ್ತಕದ ಮೊದಲ ಪುಟದ ಪಟ್ಟಿಯಲ್ಲಿ ನಂಬರು, ತಾರೀಖು, ಯಾರಿಗೆ, ಎಷ್ಟು. ನನ್ನ ದೊಡ್ಡಪ್ಪನ ಮಗನಂಥವರ ಮನೆಗಳಲ್ಲಿ ಈ ಪಟ್ಟಿ ಯಾವಾಗಲೂ ಖಾಲಿ. ತುಂಬಲು ಒಂದು ನಿಮಿಷ ಸಾಕು, ಕೋರ್ಟಿನಲ್ಲಿ ಅದು ಸಾಕ್ಷಿ.

ಕಾಲ ಬದಲಾಗಿ ಚೆಕ್ಕಿನ ನಡಿಗೆಯೇ ಬದಲಾಯಿತು. 2012ರ ಏಪ್ರಿಲ್‌ನಿಂದ ಚೆಕ್ಕಿನ ಆಯಸ್ಸು ಆರು ತಿಂಗಳಿಂದ ಮೂರು ತಿಂಗಳಿಗೆ ಇಳಿಯಿತು. ಹಾಳೆ ಈಗ ಊರಿಂದ ಊರಿಗೆ ಹೋಗುವುದಿಲ್ಲ, ಅದರ ಚಿತ್ರ ಹೋಗುತ್ತದೆ. ಹಾಗಾಗಿ ಹೆಸರು, ಮೊತ್ತ ತಿದ್ದಿ ಪಕ್ಕದಲ್ಲಿ ಸಹಿ ಹಾಕುವ ಹಳೆಯ ರೂಢಿ ಕ್ಲಿಯರಿಂಗ್‌ನಲ್ಲಿ ನಡೆಯುವುದಿಲ್ಲ. ತಪ್ಪಿದರೆ ಹಾಳೆ ರದ್ದು ಮಾಡಿ ಹೊಸದನ್ನು ಬರೆಯಬೇಕು. 2021ರ ಜನವರಿ 1ರಿಂದ ಐವತ್ತು ಸಾವಿರ ಮತ್ತು ಮೇಲಿನ ಚೆಕ್ಕುಗಳಿಗೆ ಪಾಸಿಟಿವ್ ಪೇ ಬಂದಿದೆ. ಚೆಕ್ಕು ಕೊಟ್ಟವರು ಅದರ ನಂಬರು, ತಾರೀಖು, ಹೆಸರು, ಮೊತ್ತವನ್ನು ಮುಂಚೆಯೇ ಬ್ಯಾಂಕಿಗೆ ತಿಳಿಸಿದರೆ, ಹಾಳೆ ಬಂದಾಗ ಎರಡನ್ನೂ ಹೋಲಿಸಿ ನೋಡುತ್ತಾರೆ. ಐದು ಲಕ್ಷ ಮತ್ತು ಮೇಲಿನ ಚೆಕ್ಕಿಗೆ ಬ್ಯಾಂಕುಗಳು ಇದನ್ನು ಕಡ್ಡಾಯ ಮಾಡಬಹುದು. ಮೊತ್ತಕ್ಕೆ ಪದ ಸೇರಿಸುವ ಕೈಚಳಕಕ್ಕೆ ದೊಡ್ಡ ಚೆಕ್ಕುಗಳಲ್ಲಿ ಇದು ಸರಿಯಾದ ಬೀಗ, ಆದರೆ ನಮ್ಮ ಕಡೆ ಇದನ್ನು ಬಳಸುವವರು ಕಾಣುವುದೇ ಕಡಿಮೆ. 2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗೇ ದಿನವಿಡೀ ನಡೆಯುತ್ತಿದೆ. ಬೆಳಗ್ಗೆ ಹಾಕಿದ ಚೆಕ್ಕು ಅದೇ ದಿನ ಪಾಸೋ ವಾಪಸ್ಸೋ ಗೊತ್ತಾಗುತ್ತದೆ. ಅಪ್ಪ ವಾರಗಟ್ಟಲೆ ಕಾದದ್ದನ್ನು ನೆನೆದರೆ ಇದು ದೊಡ್ಡ ಮಾತು. ಆದರೆ ‘ಇವತ್ತು ಕೊಟ್ಟಿರೋಣ, ಅವರು ಹಾಕಿ ಪಾಸಾಗುವಷ್ಟರಲ್ಲಿ ದುಡ್ಡು ಹೊಂದಿಸೋಣ’ ಎಂದು ಚೆಕ್ಕು ಬರೆಯುವ ಚಳ್ಳಕೆರೆಯ ಹಳೆಯ ವ್ಯಾಪಾರಿ ಲೆಕ್ಕ ಇನ್ನು ಕೂಡಿಬರುವುದಿಲ್ಲ. ಹಣ ಖಾತೆಯಲ್ಲಿ ಬಿದ್ದ ಮೇಲೇ ಹಾಳೆ ಹರಿಯಬೇಕು.

ಖಾಲಿ ಚೆಕ್ಕಿನ ಹಾವಳಿ ಮಾತ್ರ ಹೋಗಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ಮಿತಿ ಮೀರಿ 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆದರೂ ಫೋನಿನಲ್ಲೇ ಎಲ್ಲ ಹಣ ಕಳಿಸುವ, ಚೆಕ್ಕು ಬರೆದೇ ಗೊತ್ತಿಲ್ಲದ ಹುಡುಗರು ಸಾಲಕ್ಕೆ ಹೋದಾಗ ಮೊದಲ ಬಾರಿ ಚೆಕ್ ಪುಸ್ತಕ ತೆಗೆಸುತ್ತಾರೆ, ಅದೂ ಶ್ಯೂರಿಟಿಗೆಂದು ಖಾಲಿ ಹಾಳೆ ಕೊಡಲು. ನನ್ನ ತಂಗಿಯ ಮಗ ಹೋದ ವರ್ಷ ಒಂದು ಖಾಸಗಿ ಫೈನಾನ್ಸಿನಿಂದ ಸಾಲ ತೆಗೆಯಲು ಹೊರಟು, “ಮಾವ, ಮೂರು ಬ್ಲಾಂಕ್ ಚೆಕ್ ಕೇಳ್ತಿದಾರೆ, ಸಹಿ ಹಾಕಿ ಕೊಡ್ಲಾ?” ಎಂದು ಫೋನು ಮಾಡಿದ. ಕೂಡಲೇ ಮನೆಗೆ ಕರೆಸಿಕೊಂಡೆ. ಕಂತು ಹೇಗೂ ಖಾತೆಯಿಂದ ತಾನಾಗಿ ಕಡಿತವಾಗಲು ಒಪ್ಪಿಗೆ ಕೊಟ್ಟಿದ್ದ. ಮೂರೂ ಹಾಳೆಗೆ ಆ ಕಂಪನಿಯ ಪೂರ್ತಿ ಹೆಸರು ಬರೆಸಿದೆ, ಅಕೌಂಟ್ ಪೇಯಿ ಗೆರೆ ಎಳೆಸಿದೆ, ಪ್ರತಿ ಹಾಳೆಯಲ್ಲೂ ಸಾಲಕ್ಕೆ ಮೀರದ ಮೊತ್ತವನ್ನು ಅಕ್ಷರದಲ್ಲಿ ಬರೆಸಿದೆ. ಇಂಥ ಸಾಲಕ್ಕೆ ಇಂಥ ನಂಬರಿನ ಮೂರು ಚೆಕ್ಕು ಭದ್ರತೆಗೆಂದು ಕೊಟ್ಟಿದೆ, ಸಾಲ ತೀರಿದ ದಿನ ಹಿಂತಿರುಗಿಸತಕ್ಕದ್ದು ಎಂದು ಒಂದು ಪತ್ರ, ಅದರ ನಕಲಿಗೆ ಅವರ ಸಹಿ ಸೀಲು. ಹಾಳೆಗಳ ಎರಡೂ ಬದಿಯ ಫೋಟೊ ಅವನ ಫೋನಿನಲ್ಲಿ, ನನ್ನ ಫೋನಿನಲ್ಲಿ.

ಅವರು ಮೊದಲು ಒಪ್ಪಲಿಲ್ಲ. ಖಾಲಿಯೇ ಬೇಕು ಅಂದರು. ಹಾಗಾದರೆ ಸಾಲ ಬೇಡ ಎಂದು ಎದ್ದು ಬಾ ಎಂದಿದ್ದೆ, ಅವನು ಎದ್ದ. ಎದ್ದ ಮೇಲೆ ಕರೆದು ಕೂರಿಸಿ ಸೀಲು ಒತ್ತಿಕೊಟ್ಟರು. ಕೊನೆಯ ಕಂತು ಬರುವ ಯುಗಾದಿಗೆ ಮುಗಿಯುತ್ತದೆ. ಮೂರು ಹಾಳೆಯನ್ನೂ ಕೈಗೆ ಪಡೆದ ಮೇಲೇ ಊರಿನ ಬಸ್ಸು ಹತ್ತಬೇಕೆಂದು ಅವನಿಗೆ ಹೇಳಿಟ್ಟಿದ್ದೇನೆ.